ಕೈಪಂಪಿನ ಲೆಕ್ಕ, ನೀರಿನ ಲೆಕ್ಕ

ವಿದೇಶಿ ನೆರವಿನಲ್ಲಿ ನಡೆಯುವ ಕುಡಿಯುವ ನೀರಿನ ಯೋಜನೆಗಳ ಮೌಲ್ಯಮಾಪನ ನನ್ನ ಕಸುಬು. ಹೊಸ ಕೆಲಸ ಕೈಗೆ ಬಂದ ಕೂಡಲೇ ವಾರ್ಷಿಕ ವರದಿಯನ್ನು ಪಕ್ಕಕ್ಕಿಟ್ಟು ಲಾಗ್‌ಫ್ರೇಮ್, ಅಂದರೆ ಯೋಜನೆಯ ಗುರಿ ಮತ್ತು ಅದನ್ನು ಅಳೆಯುವ ಬಗೆಯನ್ನು ಬರೆದಿಟ್ಟ ಕೋಷ್ಟಕ, ಬಿಚ್ಚುತ್ತೇನೆ. 1969ರ ಸುಮಾರಿಗೆ ಅಮೆರಿಕದ ಸರ್ಕಾರಿ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ಸಿದ್ಧವಾದ ಈ ಕೋಷ್ಟಕ ಆಮೇಲೆ ಬಹುತೇಕ ನೆರವು ಸಂಸ್ಥೆಗಳಿಗೆ ಹಬ್ಬಿತು. ಅದರಲ್ಲಿ ಸೂಚಕಗಳು, ಪುರಾವೆಗಳು ಎಲ್ಲ ಆದಮೇಲೆ ಕಟ್ಟಕಡೆಗೆ ‘ಊಹೆಗಳು’ ಅಂತ ಒಂದು ಅಂಕಣ ಇರುತ್ತದೆ. ಯಾರೂ ಓದದ ಅಂಕಣ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ‘ದುರಸ್ತಿಯ ಖರ್ಚನ್ನು ಊರಿನವರೇ ನೋಡಿಕೊಳ್ಳುತ್ತಾರೆ’ ಎಂಬ ಸಾಲು ಅಲ್ಲಿ ಕಂಡರೆ ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ. ಯೋಜನೆ ಬೀಳುವುದಿದ್ದರೆ ಹೆಚ್ಚಾಗಿ ಅಲ್ಲೇ ಬೀಳುತ್ತದೆ.

ಆಮೇಲೆ ವರದಿಯಿಂದ ಒಂದೇ ಒಂದು ಸಂಖ್ಯೆಯನ್ನು ಹಿಡಿದು ಅದು ಹುಟ್ಟಿದ ಜಾಗದ ತನಕ ಹಿಂದಕ್ಕೆ ಹೋಗುತ್ತೇನೆ. ಸಾಮಾನ್ಯವಾಗಿ ‘ಇಷ್ಟು ಜನರಿಗೆ ಶುದ್ಧ ನೀರು ಸಿಕ್ಕಿದೆ’ ಎಂಬ ಸಂಖ್ಯೆಯನ್ನೇ ಆರಿಸಿಕೊಳ್ಳುತ್ತೇನೆ. ದೇಶದ ಕಚೇರಿಯಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ಗುತ್ತಿಗೆದಾರನ ಬಿಲ್ಲಿಗೆ ಇಳಿದು ನೋಡಿದರೆ ಎಷ್ಟೋ ಸಲ ಜನರನ್ನು ಯಾರೂ ಎಣಿಸಿರುವುದೇ ಇಲ್ಲ. ಒಂದು ವರದಿಯಲ್ಲಿ ಪಂಪುಗಳ ಸಂಖ್ಯೆಯನ್ನು 500ರಿಂದ ಗುಣಿಸಿ ಫಲಾನುಭವಿಗಳನ್ನು ತಂದಿದ್ದರು. ಆ 500 ಬಂದದ್ದು ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡದಿಂದ: ತುರ್ತು ಪರಿಸ್ಥಿತಿಯಲ್ಲಿ ಒಂದು ಕೈಪಂಪಿಗೆ ಹೆಚ್ಚೆಂದರೆ ಎಷ್ಟು ಜನ ಇರಬಹುದು ಎಂಬ ಮಿತಿ ಅದು. ಇದಕ್ಕಿಂತ ಹೆಚ್ಚಾಗಬಾರದು ಅಂತ ಹಾಕಿದ ಗೆರೆ, ವರದಿಯಲ್ಲಿ ನೀರು ಕುಡಿದವರ ತಲೆಯೆಣಿಕೆಯಾಗಿ ಕೂತಿತ್ತು. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಮೂರು ತಿಂಗಳಿಗೊಮ್ಮೆ ಖಾನೆ ತುಂಬಲೇಬೇಕು, ತುಂಬಿದ್ದಾರೆ.

ನೋಡಬೇಕಾದ ಹಳ್ಳಿಗಳನ್ನು ಪೂರ್ಣ ಪಟ್ಟಿಯಿಂದ ನಾನೇ ಚೀಟಿ ಎತ್ತಿದ ಹಾಗೆ ಆರಿಸುತ್ತೇನೆ, ಹೊರಡುವ ಮುಂಚೆ ಹೇಳುವುದಿಲ್ಲ. ಇಲ್ಲದಿದ್ದರೆ ಗಾಡಿ ಟಾರು ರಸ್ತೆ ಮುಗಿಯುವಲ್ಲೇ ನಿಲ್ಲುತ್ತದೆ. ಅಭಿವೃದ್ಧಿ ತಜ್ಞ ರಾಬರ್ಟ್ ಚೇಂಬರ್ಸ್ ಇಂಥ ಭೇಟಿಗಳನ್ನು ಗ್ರಾಮೀಣಾಭಿವೃದ್ಧಿ ಪ್ರವಾಸ ಎಂದು ಕರೆದು ಎಷ್ಟೋ ದಶಕ ಆಯಿತು, ಪ್ರವಾಸವಂತೂ ನಿಂತಿಲ್ಲ. ಮಳೆ ಮುಗಿದ ಮೇಲೆ, ದಾರಿ ಚೆನ್ನಾಗಿದ್ದು ಬಾವಿಗಳೂ ತುಂಬಿರುವಾಗ ಹೋಗುವುದು ಇದೇ ಪ್ರವಾಸದ ಇನ್ನೊಂದು ನಮೂನೆ. ನಾನು ಒಪ್ಪಂದದಲ್ಲೇ ಬೇಸಿಗೆ ಎಂದು ಬರೆಸಿಕೊಳ್ಳುತ್ತೇನೆ.

ಪಂಪಿನ ಹತ್ತಿರ ಹೋದಾಗ ‘ಕೆಲಸ ಮಾಡುತ್ತಾ?’ ಎಂದು ಕೇಳುವುದಿಲ್ಲ. ಹೌದು ಅನ್ನುತ್ತಾರೆ, ಕೇಳಿದವರ ಮನಸ್ಸಿಗೆ ಬೇಜಾರಾಗಬಾರದಲ್ಲ. ನೀರು ಬರುವ ತನಕ ಹೊಡೆದು, ಅರ್ಧ ಗಂಟೆ ಯಾರೂ ಮುಟ್ಟದಂತೆ ಬಿಟ್ಟು, ಮತ್ತೆ ಹೊಡೆಯುತ್ತಾ ಎಣಿಸುತ್ತೇನೆ. ಐದು ಸಲದೊಳಗೆ ನೀರು ಬಂದರೆ ಸರಿ. ಅದಕ್ಕಿಂತ ಹೆಚ್ಚು ಬೇಕಾದರೆ ಕೆಳಗಿನ ವಾಲ್ವೋ ಪೈಪಿನ ಜೋಡಣೆಯೋ ಸೋರುತ್ತಿದೆ, ನೀರು ಬಾವಿಗೆ ವಾಪಸ್ಸು ಇಳಿಯುತ್ತಿದೆ. ಇವತ್ತು ಸರಿಯಾಗಿಯೇ ಕಾಣುವ ಈ ಪಂಪು ಹೆಚ್ಚು ದಿನ ಬಾಳುವುದಿಲ್ಲ. ಆ ಅರ್ಧ ಗಂಟೆಯಲ್ಲಿ ನೀರು ಸಮಿತಿಯ ನೋಟ್‌ಬುಕ್ ತರಿಸುತ್ತೇನೆ. ಕೊನೆಯ ಸಲ ವಂತಿಗೆ ಎತ್ತಿದ್ದು ಯಾವಾಗ, ವಾಷರ್ ಕೊಂಡ ರಸೀದಿ ಇದೆಯಾ, ಮೆಕ್ಯಾನಿಕ್ ಎಲ್ಲಿಂದ ಬರಬೇಕು. ಉದ್ಘಾಟನೆಯ ವಾರಕ್ಕೇ ನಿಂತುಹೋದ ನೋಟ್‌ಬುಕ್ ಕಂಡರೆ ನನಗೆ ಬೇರೆ ಪ್ರಶ್ನೆಯೇ ಬೇಕಾಗುವುದಿಲ್ಲ. ‘ಊಹೆಗಳು’ ಅಂಕಣದ ಗುರುತಿಗೆ ಉತ್ತರ ಸಿಕ್ಕಿತು.

ಸಮಯದ ಪ್ರಶ್ನೆ ಬೇರೆ. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಜಂಟಿಯಾಗಿ ಇಟ್ಟಿರುವ ವ್ಯಾಖ್ಯೆಯ ಪ್ರಕಾರ, ಸುಧಾರಿತ ಮೂಲಕ್ಕೆ, ಅಂದರೆ ನಲ್ಲಿ, ಕೊಳವೆಬಾವಿಯಂಥ ರಕ್ಷಿತ ಜಾಗಕ್ಕೆ ಹೋಗಿ, ಸಾಲಿನಲ್ಲಿ ನಿಂತು, ನೀರು ತುಂಬಿಕೊಂಡು ತಿರುಗಿ ಬರಲು 30 ನಿಮಿಷದೊಳಗೆ ಆಗಬೇಕು. ಆಗ ಮಾತ್ರ ಅದು ‘ಮೂಲಭೂತ’ ಸೇವೆ. ಎಷ್ಟು ನಿಮಿಷ ಎಂದು ಕೇಳಿದರೆ ಎಲ್ಲರೂ ದುಂಡಗೆ ಹೇಳುತ್ತಾರೆ. ಬೆಳಗಿನ ಹೊತ್ತು ಕೊಡ ಹೊತ್ತವರ ಜೊತೆ ನಡೆದು ಗಡಿಯಾರ ನೋಡಿಕೊಳ್ಳುವುದೇ ವಾಸಿ.

ನೀರಿನ ಸ್ಯಾಂಪಲ್ಲನ್ನು ಪಂಪಿನ ಬಾಯಲ್ಲೂ ಮನೆಯ ಕೊಡದಲ್ಲೂ ತೆಗೆಯುತ್ತೇನೆ. 100 ಮಿಲಿಲೀಟರಿನಲ್ಲಿ, ಮಲ ಸೇರಿದೆ ಎಂದು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ ಇರಲೇಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಕೊಡದ ವರೆಗೆ ಯಾಕೆ ಹೋಗಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಪಶ್ಚಿಮ ಕೀನ್ಯಾದಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ. ಒರತೆಗಳಿಗೆ ಕಟ್ಟೆ ಕಟ್ಟಿದ ಮೇಲೆ ಮೂಲದಲ್ಲಿ ಮಾಲಿನ್ಯ ಸುಮಾರು ಮೂರನೇ ಎರಡು ಪಾಲು ಇಳಿಯಿತು, ಮನೆಯ ನೀರಿನಲ್ಲಿ ಇಳಿದದ್ದು ಅದಕ್ಕಿಂತ ತುಂಬಾ ಕಡಿಮೆ. ಹಾಗಿದ್ದೂ ಮಕ್ಕಳ ಭೇದಿ ಕಾಲು ಭಾಗದಷ್ಟು ತಗ್ಗಿತು. ಯಾವ ಒರತೆಗೆ ಮೊದಲು ಎಂಬುದನ್ನು ಲಾಟರಿಯಿಂದ ನಿರ್ಧರಿಸಿದ್ದರಿಂದ ಹೀಗೆ ಧೈರ್ಯವಾಗಿ ಹೇಳಲು ಅವರಿಗೆ ಆಯಿತು. ನನಗೆ ಆ ಭಾಗ್ಯ ಅಪರೂಪ. ಯೋಜನೆ ಅರ್ಧ ಮುಗಿದಾಗ ಕರೆಯುತ್ತಾರೆ, ಬೇಸ್‌ಲೈನ್, ಅಂದರೆ ಯೋಜನೆ ಶುರುವಾಗುವ ಮುಂಚಿನ ಅಳತೆ, ಕೇಳಿದರೆ ಮುಖ ಮುಖ ನೋಡುತ್ತಾರೆ. ಆಗ ಪಂಪು ಇನ್ನೂ ಬಾರದ, ಮುಂದಿನ ಹಂತದ ಪಟ್ಟಿಯಲ್ಲಿರುವ ಹಳ್ಳಿಗಳ ಜೊತೆ ಹೋಲಿಸುತ್ತೇನೆ. ಲಾಟರಿಯಷ್ಟು ಗಟ್ಟಿಯಲ್ಲ, ಆದರೆ ‘ಮೊದಲು ಹೀಗಿತ್ತು, ಈಗ ಹೀಗಿದೆ’ ಎನ್ನುವ ಫೋಟೊಗಳಿಗಿಂತ ಎಷ್ಟೋ ಮೇಲು.

ವರದಿಯ ಅಧ್ಯಾಯಗಳು ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟ ಒಇಸಿಡಿಯ ಮೌಲ್ಯಮಾಪನ ಮಾನದಂಡಗಳ ಪ್ರಕಾರ ಇರಬೇಕೆಂದು ಎಲ್ಲರೂ ಕೇಳುತ್ತಾರೆ. 1991ರಲ್ಲಿ ಐದಿದ್ದವು, 2019ರಲ್ಲಿ ‘ಸುಸಂಬದ್ಧತೆ’ (ಬೇರೆ ಯೋಜನೆಗಳ ಜೊತೆ ಹೊಂದುತ್ತದೆಯೇ ಎಂಬುದು) ಸೇರಿ ಆರಾದವು. ಆರಕ್ಕೂ ಸಮ ಪುಟ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಸುಸ್ಥಿರತೆಗೇ ಹೆಚ್ಚು ಜಾಗ. ಜಪಾನಿನ ನೆರವು ಸಂಸ್ಥೆ ಜೈಕಾ, ಯೋಜನೆ ಮುಗಿದ ಮೇಲೂ ಹೋಗಿ ನೋಡುವುದನ್ನು ಪದ್ಧತಿ ಮಾಡಿಕೊಂಡಿದೆ, ಉಳಿದ ಹಲವರ ಬಜೆಟ್ಟಿನಲ್ಲಿ ಆ ಸಾಲನ್ನು ಹುಡುಕಬೇಕು.

ಕರಡು ಕಳಿಸಿದ ಮೇಲೆ ಫೋನು ಬರುತ್ತದೆ. ‘ಸೋರುತ್ತಿದೆ’ ಎನ್ನುವ ಬದಲು ‘ಸುಧಾರಣೆಗೆ ಅವಕಾಶವಿದೆ’ ಎನ್ನಬಹುದಲ್ಲ ಸಾರ್, ಎಂದು. ಭಾಷೆಯಲ್ಲಿ ಒಂದಿಷ್ಟು ಸಡಿಲ ಬಿಡುತ್ತೇನೆ, ಪಂಪುಗಳ ಪಟ್ಟಿಯಲ್ಲಿ ಬಿಡುವುದಿಲ್ಲ. ಒಪ್ಪದಿದ್ದರೆ ಅವರ ಆಕ್ಷೇಪವನ್ನು ಅವರದೇ ಮಾತಿನಲ್ಲಿ ಅನುಬಂಧವಾಗಿ ಸೇರಿಸುತ್ತೇನೆ. ಪ್ರತಿ ಶಿಫಾರಸಿನ ಎದುರು ಯಾವ ಹುದ್ದೆಯವರು, ಯಾವ ತಾರೀಖಿನೊಳಗೆ ಎಂದು ಎರಡು ಖಾನೆ ಬಿಟ್ಟಿರುತ್ತೇನೆ. ಅವು ತುಂಬಿ ಬರುವವರೆಗೆ ಕೊನೆಯ ಕಂತಿನ ಬಿಲ್ಲು ಕಳಿಸುವುದಿಲ್ಲ.