ಹೋಬಳಿ ಹೆಸರು ಓದೋಕಾಗದ ಸೈಟು: ಅಕ್ಷರದ ಅಳತೆ ಬಗ್ಗೆ ನನ್ನ ಅನುಭವ

2013ರ ಮಾತು. ಒಂದು ಸಹಕಾರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಡಿಸೈನ್ ಫೋಟೋಶಾಪ್‌ನಲ್ಲಿ ಬಂದಿತ್ತು, ಅಕ್ಷರವೆಲ್ಲ 12 ಪಿಕ್ಸೆಲ್. ನಾನೂ ಹಿಂದೆಮುಂದೆ ನೋಡದೆ ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಎಲ್ಲ ಕಡೆ 12 ಪಿಕ್ಸೆಲ್ ಅಂತಲೇ ಬರೆದುಬಿಟ್ಟೆ. ವಾರದೊಳಗೆ ಅಲ್ಲಿನ ಹಿರಿಯ ಗುಮಾಸ್ತರ ಫೋನ್: "ಸರ್, ಅಕ್ಷರ ದೊಡ್ಡದು ಮಾಡಿದ್ರೂ ಆಗ್ತಾನೇ ಇಲ್ಲ, ಬೇರೆ ಸೈಟಲ್ಲಿ ಆಗುತ್ತೆ."

ಹೋಗಿ ನೋಡಿದೆ. ವಿಂಡೋಸ್ ಎಕ್ಸ್‌ಪಿ, ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) 8. ಎಕ್ಸ್‌ಪಿಗೆ ಅದೇ ಕೊನೆಯ ಐಇ, ಹಾಗಾಗಿ ಅಪ್‌ಡೇಟ್ ಮಾಡಿ ಅಂತ ಹೇಳುವ ಹಾಗೂ ಇರಲಿಲ್ಲ. ಅವರು ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಸೈಜ್‌ಗೆ ಹೋಗಿ ಲಾರ್ಜೆಸ್ಟ್ ಒತ್ತುತ್ತಿದ್ದರು. ಪಿಕ್ಸೆಲ್‌ನಲ್ಲಿ ಅಳತೆ ಕೊಟ್ಟ ಅಕ್ಷರವನ್ನು ಐಇಯ ಆ ಮೆನು ಮುಟ್ಟುವುದೇ ಇಲ್ಲ. ಕಂಟ್ರೋಲ್ ಪ್ಲಸ್ ಒತ್ತಿದರೆ ಇಡೀ ಪುಟ ಹಿಗ್ಗುತ್ತದೆ, ಆದರೆ ನನ್ನ ಪುಟದ ಅಗಲ 960 ಪಿಕ್ಸೆಲ್, 125% ಮಾಡಿದರೆ 1200, ಅವರ ಪರದೆ 1024. ಪ್ರತಿ ಸಾಲಿಗೂ ಪಕ್ಕಕ್ಕೆ ಎಳೆಯಬೇಕು. ಯಾರು ಓದುತ್ತಾರೆ ಹಾಗೆ? ಸಾಲದ್ದಕ್ಕೆ ತುಂಗಾ ಫಾಂಟು. ಅದರಲ್ಲಿ ಕನ್ನಡ ಮೊದಲೇ ಸಣ್ಣದಾಗಿ ಕಾಣುತ್ತದೆ. 12 ಪಿಕ್ಸೆಲ್‌ನಲ್ಲಿ 'ರಾಷ್ಟ್ರೀಕೃತ' ಅಂತ ಬರೆದರೆ ಷ ಕೆಳಗಿನ ಎರಡು ಒತ್ತೂ ಸೇರಿ ಒಂದು ಮಸಿ ಚುಕ್ಕೆ ಆಗಿತ್ತು.

ಸರಿ, ಎಲ್ಲ ಎಮ್‌ಗೆ ಬದಲಾಯಿಸೋಣ ಅಂದುಕೊಂಡೆ. ಎಮ್ ಅಂದರೆ ಸುತ್ತಲಿನ ಅಕ್ಷರದ ಇಷ್ಟು ಪಟ್ಟು ಅಂತ ಹೇಳುವ ಅಳತೆ, ಅದು ಆ ಮೆನುವಿನ ಮಾತು ಕೇಳುತ್ತದೆ. ಇಡೀ ಪುಟವನ್ನು ಹಿಡಿದಿರುವ 'ಬಾಡಿ' ಅನ್ನುವ ಪೆಟ್ಟಿಗೆಗೆ ಫಾಂಟ್-ಸೈಜ್ (ಅಕ್ಷರದ ಅಳತೆ) 100% ಕೊಟ್ಟೆ. ಇಲ್ಲಿ ಎಮ್ ಬೇಡ, ಶೇಕಡಾವೇ ಇರಲಿ. ಹಳೆಯ ಐಇಗಳಲ್ಲಿ ಬಾಡಿಗೆ ಎಮ್ ಕೊಟ್ಟರೆ ಮೆನುವಿನಲ್ಲಿ ಒಂದು ಹೆಜ್ಜೆ ಬದಲಿಸಿದರೂ ಅಕ್ಷರ ಸಿಕ್ಕಾಪಟ್ಟೆ ದೊಡ್ಡದೋ ಸಣ್ಣದೋ ಆಗಿಬಿಡುತ್ತದೆ. ಆಗ ಎಲ್ಲರೂ 62.5% ಹಾಕುತ್ತಿದ್ದರು, ಬ್ರೌಸರ್ ತಾನಾಗಿ ಕೊಡುವ 16 ಪಿಕ್ಸೆಲ್‌ನಲ್ಲಿ ಅದು 10, ಲೆಕ್ಕ ಸುಲಭ ಅಂತ. ನಾನೂ ಮೊದಲು ಹಾಕಿದ್ದೆ. ಹೊರಗಿನಿಂದ ತಂದು ಅಂಟಿಸಿದ ಕ್ಯಾಲೆಂಡರ್ 10 ಪಿಕ್ಸೆಲ್‌ನಲ್ಲಿ ಇರುವೆ ಸಾಲಿನ ಹಾಗೆ ಬಂತು, ಅವತ್ತೇ 62.5% ತೆಗೆದೆ. ಭಾಗಾಕಾರಕ್ಕೆ ಕ್ಯಾಲ್ಕುಲೇಟರ್ ಇದೆಯಲ್ಲ.

ಆಮೇಲೆ ಶಾಖೆಗಳ ಪಟ್ಟಿ. ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಹೋಬಳಿ. ಪಟ್ಟಿಯ ಸಾಲುಗಳಿಗೆಲ್ಲ 0.85 ಎಮ್ ಅಂತ ಒಂದೇ ನಿಯಮ ಬರೆದಿದ್ದೆ. ಎಮ್ ತನ್ನ ಹೊರಗಿನ ಪೆಟ್ಟಿಗೆಯ ಅಕ್ಷರಕ್ಕೆ ಗುಣಿಸಿಕೊಳ್ಳುತ್ತದೆ ಅನ್ನುವುದು ಗೊತ್ತಿತ್ತು, ಆದರೂ ತಲೆಗೆ ಹೊಳೆಯಲಿಲ್ಲ. ಜಿಲ್ಲೆ 13.6 ಪಿಕ್ಸೆಲ್, ತಾಲ್ಲೂಕು 11.56, ಹೋಬಳಿ 9.8ರ ಹತ್ತಿರ! ಸಂಘದ ಸದಸ್ಯರಿಗೆ ಬೇಕಾಗಿದ್ದೇ ಹೋಬಳಿ ಹೆಸರು. ಒಳಗಿನ ಪಟ್ಟಿಗೆ 1 ಎಮ್ ಅಂತ ಇನ್ನೊಂದು ನಿಯಮ ಬರೆದು ಸರಿ ಮಾಡಿದೆ.

ಇದಕ್ಕೆ ರೆಮ್ ಬಳಸಬಹುದಿತ್ತು. ಆ ಅಳತೆ ಯಾವಾಗಲೂ ಪುಟದ ಬೇರಿನ, ಅಂದರೆ ಎಲ್ಲಕ್ಕಿಂತ ಹೊರಗಿನ ಪೆಟ್ಟಿಗೆಯ, ಅಕ್ಷರಕ್ಕೇ ಗುಣಿಸುತ್ತದೆ, ಒಳಗೊಳಗೆ ಕುಗ್ಗುವುದಿಲ್ಲ. ಆದರೆ ಐಇಗೆ ಅದು ಗೊತ್ತಾಗಿದ್ದು 9ರಿಂದ. ಹಾಗಾಗಿ ಮೊದಲ ಸಾಲಿನಲ್ಲಿ ಪಿಕ್ಸೆಲ್, ಅದರ ಕೆಳಗೆ ರೆಮ್ ಬರೆಯಿರಿ, ಹಳೆಯ ಬ್ರೌಸರ್ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ತಗೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಮಾತು ನಿಜ. ಆದರೆ ಸ್ವಲ್ಪ ಯೋಚಿಸಿ: ಪಿಕ್ಸೆಲ್ ಅಕ್ಷರವನ್ನು ದೊಡ್ಡದು ಮಾಡಲು ಬಾರದ ಬ್ರೌಸರ್‌ಗೇ ಮತ್ತೆ ಪಿಕ್ಸೆಲ್ ಕೊಟ್ಟ ಹಾಗಾಯಿತು, ಅಲ್ವಾ? ನಮ್ಮ ಗುಮಾಸ್ತರು ಎಲ್ಲಿದ್ದರೋ ಅಲ್ಲೇ. ಅದಕ್ಕೇ ನಾನು ಓದುವ ಪಠ್ಯಕ್ಕೆಲ್ಲ ಎಮ್ ಇಟ್ಟೆ. ಗುಂಡಿ, ಮೆನು ಇಂಥ ಚಿಕ್ಕಪುಟ್ಟ ಜಾಗಕ್ಕೆ ಮಾತ್ರ ಪಿಕ್ಸೆಲ್ ಮತ್ತು ರೆಮ್ ಜೋಡಿ. ಅದರಲ್ಲೂ ಒಂದು ಕಡೆ ಎಡವಿದೆ. ಅಳತೆ, ದಪ್ಪ, ಫಾಂಟ್ ಹೆಸರು ಎಲ್ಲ ಸೇರಿಸಿ 'ಫಾಂಟ್' ಅನ್ನುವ ಒಂದೇ ಸಾಲಿನಲ್ಲಿ ರೆಮ್ ಬರೆದಿದ್ದೆ, ಐಇ 9 ಮತ್ತು 10 ಆ ಇಡೀ ಸಾಲನ್ನೇ ಬಿಟ್ಟುಬಿಡುತ್ತವೆ. ಫಾಂಟ್-ಸೈಜ್ ಬೇರೆ ಸಾಲಿನಲ್ಲೇ ಬರೆಯಬೇಕು. ಇದು ಗೊತ್ತಾಗಲು ನನಗೆ ಅರ್ಧ ದಿನ ಹೋಯಿತು.

ಕನ್ನಡದವರಿಗೆ ಇದಕ್ಕಿಂತ ದೊಡ್ಡ ತಲೆನೋವು ಲೈನ್-ಹೈಟ್, ಅಂದರೆ ಒಂದೊಂದು ಸಾಲಿಗೆ ಕೊಡುವ ಎತ್ತರ. ಬಾಡಿಗೆ 1.4 ಎಮ್ ಕೊಟ್ಟಿದ್ದೆ. 16ರ ಲೆಕ್ಕದಲ್ಲಿ ಅದು 22.4 ಪಿಕ್ಸೆಲ್, ಮತ್ತು ಒಳಗಿನ ಎಲ್ಲದಕ್ಕೂ ಆ 22.4 ಹಾಗೇ ಹೋಗುತ್ತದೆ. 32 ಪಿಕ್ಸೆಲ್ ತಲೆಬರಹಕ್ಕೂ! ಎರಡು ಸಾಲಿನ ತಲೆಬರಹ ಒಂದರ ಮೇಲೊಂದು ಕೂತು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಚುಚ್ಚಿಕೊಂಡಿತ್ತು. ಎಮ್ ತೆಗೆದು ಬರೀ ಸಂಖ್ಯೆ ಬರೆದರೆ ಮುಗಿಯಿತು, ಪ್ರತಿ ಅಕ್ಷರವೂ ತನ್ನ ಅಳತೆಗೆ ತಾನೇ ಗುಣಿಸಿಕೊಳ್ಳುತ್ತದೆ. ಈಗ ಪಠ್ಯಕ್ಕೆ 1.7, ತಲೆಬರಹಕ್ಕೆ 1.4 ಇಡುತ್ತೇನೆ. ಇಂಗ್ಲಿಷ್‌ನವರು ತಲೆಬರಹಕ್ಕೆ ಇಡುವ 1.2 ನಮಗೆ ಸಾಲದು.

ಐಇ ಕಾಟ ಈಗಿಲ್ಲ, ಆದರೆ ಹಳೆಯ ಆಂಡ್ರಾಯ್ಡ್ ಫೋನುಗಳು ಇನ್ನೂ ಜನರ ಕೈಯಲ್ಲಿವೆ. ತಲೆಬರಹಕ್ಕೆ ಕ್ಲ್ಯಾಂಪ್ (ಅಳತೆಯನ್ನು ಕನಿಷ್ಠ, ಗರಿಷ್ಠದ ನಡುವೆ ಹಿಡಿದಿಡುವ ಸಿಎಸ್‌ಎಸ್ ಸೂತ್ರ) ಬಳಸುತ್ತೇನೆ: ಕನಿಷ್ಠ 1.5 ರೆಮ್, ನಡುವೆ 1 ರೆಮ್‌ಗೆ 2 ವಿಡಬ್ಲ್ಯು ಕೂಡಿಸಿದ್ದು (1 ವಿಡಬ್ಲ್ಯು ಅಂದರೆ ಪರದೆಯ ಅಗಲದ ನೂರರಲ್ಲೊಂದು ಪಾಲು), ಗರಿಷ್ಠ 2.25 ರೆಮ್. ಅದರ ಮೇಲಿನ ಸಾಲಿನಲ್ಲಿ ಸುಮ್ನೆ 1.75 ರೆಮ್. ಕ್ಲ್ಯಾಂಪ್ ಅರ್ಥವಾಗದ ಬ್ರೌಸರ್ ಅದನ್ನು ತಗೊಳ್ಳಲಿ. ನಡುವೆ ಬರೀ ವಿಡಬ್ಲ್ಯು ಹಾಕಬೇಡಿ, ಅದಕ್ಕೆ ಪರದೆಯ ಅಗಲ ಮಾತ್ರ ಗೊತ್ತು, ಓದುವವರು ಅಕ್ಷರ ದೊಡ್ಡದು ಮಾಡಿಕೊಂಡದ್ದು ಗೊತ್ತಾಗುವುದಿಲ್ಲ. ಫಾರ್ಮ್‌ನ ಪೆಟ್ಟಿಗೆಗಳಿಗೆ 16 ಪಿಕ್ಸೆಲ್‌ಗಿಂತ ಕಡಿಮೆ ಇಟ್ಟರೆ ಐಫೋನ್ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ, ಅಲ್ಲಿ 1 ರೆಮ್ ಕೊಡಿ.

ಈಗಲೂ ಸೈಟ್ ಕೊಡುವ ಮುಂಚೆ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅಕ್ಷರದ ಅಳತೆ 24ಕ್ಕೆ ಏರಿಸಿ ಪುಟ ತೆರೆಯುತ್ತೇನೆ. ಮೊದಲು ನೋಡುವುದು ಪಟ್ಟಿಯೊಳಗಿನ ಪಟ್ಟಿ. ಆಮೇಲೆ 'ರಾಷ್ಟ್ರೀಕೃತ'.