ಪಂಪಿಗೆ ಆರ್‌ಎಫ್‌ಐಡಿ ಟ್ಯಾಗ್ ಅಂಟಿಸುವುದು ಹೇಗೆ?

ರಿಪೇರಿಗೆ ಹೋದ ಹೈಡ್ರಾಲಿಕ್ ಪಂಪ್ ಹೊಸ ಪೇಂಟ್ ಬಳಿದುಕೊಂಡು ವಾಪಸ್ ಬಂದಿದೆ. ಅದು ನಿಮ್ಮದೇ ಪಂಪಾ? ನೇಮ್‌ಪ್ಲೇಟ್ ನೋಡಿ ಹೌದು ಅನ್ನಬೇಡಿ, ರಿವೆಟ್ ಕಿತ್ತರೆ ಅದು ಬೇರೆ ಪಂಪಿನ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೊ ಅಲೆಯಲ್ಲಿ ತನ್ನ ಗುರುತು ಹೇಳುವ ಚಿಪ್ ಇರುವ ಸ್ಟಿಕ್ಕರ್. ಆದರೆ ಜಾಸ್ತಿ ಜನ ಸಿಕ್ಕಿದ ಸ್ಟಿಕ್ಕರ್ ತಂದು ಸಿಕ್ಕಿದ ಕಡೆ ಅಂಟಿಸುತ್ತಾರೆ.

ಮೊದಲು ಟ್ಯಾಗ್ ಆರಿಸಿ. ಫಾಸ್ಟ್ಯಾಗ್ ಜಾತಿಯದ್ದು ಯುಎಚ್ಎಫ್, ಕೆಲವು ಮೀಟರ್ ದೂರದಿಂದಲೇ ಓದುತ್ತದೆ. ಗೋಡೌನಿನಲ್ಲಿ ಸಾಮಾನು ಎಣಿಸಲು ಒಳ್ಳೆಯದು. ಅಸಲಿ-ನಕಲಿ ನೋಡಲು ಮಾತ್ರ 13.56 ಮೆಗಾಹರ್ಟ್ಜ್‌ನ ಎನ್‌ಎಫ್‌ಸಿ ಟ್ಯಾಗೇ ಇರಲಿ. ಫೋನಿನಲ್ಲೇ ಓದಬಹುದು, ಪಂಪಿನ ಹತ್ತಿರ ಹೋಗಲೇಬೇಕು. ಎನ್‌ಟ್ಯಾಗ್ 213 ಥರದ ಅಗ್ಗದ ಚಿಪ್ ಬೇಡ. ಅದು ತನ್ನ ನಂಬರ್ ಹೇಳುತ್ತದೆ ಅಷ್ಟೇ, ಆ ನಂಬರನ್ನು ಬರೆಯಬಲ್ಲ ಖಾಲಿ ಟ್ಯಾಗ್‌ಗಳು ಆನ್‌ಲೈನಲ್ಲೇ ಸಿಗುತ್ತವೆ. ಎನ್‌ಟ್ಯಾಗ್ 424 ಡಿಎನ್‌ಎ ತಗೊಳ್ಳಿ. ಅದರೊಳಗೆ ಗುಟ್ಟಿನ ಎಇಎಸ್ ಕೀ (ಗೂಢಲಿಪಿಯ ಕೀಲಿ ಸಂಖ್ಯೆ) ಇರುತ್ತದೆ, ಸರಿಯಾಗಿ ಸೆಟ್ ಮಾಡಿದರೆ ಪ್ರತಿ ಸಲ ಓದಿದಾಗಲೂ ನಿಮ್ಮ ಸರ್ವರಿನ ಲಿಂಕಿಗೆ ಹೊಸ ಕೋಡ್ ಸೇರಿಸಿ ಕೊಡುತ್ತದೆ, ಸರ್ವರ್ ಅದನ್ನು ಪರೀಕ್ಷಿಸುತ್ತದೆ.

ಕೊಳ್ಳುವಾಗ ಲೋಹದ ಮೇಲೆ ಅಂಟಿಸುವ ಟ್ಯಾಗ್ ಅಂತಲೇ ಕೇಳಿ. ಅದರ ಹಿಂದೆ ಲೋಹದ ಅಡ್ಡಿ ತಪ್ಪಿಸುವ ಫೆರೈಟ್ ಪದರ ಇರುತ್ತದೆ. ಮಾಮೂಲಿ ಸ್ಟಿಕ್ಕರ್ ಮೇಜಿನ ಮೇಲೆ ಚೆನ್ನಾಗಿ ಓದುತ್ತದೆ, ಬೀಡುಕಬ್ಬಿಣಕ್ಕೆ ಅಂಟಿಸಿದ ಕೂಡಲೇ ಸುಮ್ಮನಾಗುತ್ತದೆ. ಅಂಗಡಿಯವರು 'ನಡೆಯುತ್ತೆ ಸಾರ್' ಅಂದರೂ ಒಂದು ಕಬ್ಬಿಣದ ತುಂಡಿನ ಮೇಲಿಟ್ಟು ನೋಡಿಯೇ ದುಡ್ಡು ಕೊಡಿ.

ಈಗ ಅಂಟಿಸುವ ಕೆಲಸ. ಎಲ್ಲರೂ ಕೆಡಿಸುವುದು ಇಲ್ಲೇ. ಜಾಗ ಮುಖ್ಯ: ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಎಂಡ್ ಕವರ್ ಮೇಲೆ ಅಂಟಿಸಿದರೆ ನೀವು ಗುರುತು ಹಾಕಿದ್ದು ಕವರಿಗೆ, ಪಂಪಿಗಲ್ಲ. ಮುಖ್ಯ ಬಾಡಿಯ ಮೇಲೆ, ಸ್ಪ್ಯಾನರ್ ತಗುಲದ, ಆಯಿಲ್ ಸೀಲಿನಿಂದ ದೂರದ ಚಪ್ಪಟೆ ಜಾಗ ಹುಡುಕಿ. ಎರಕದಲ್ಲೇ ಒಂದು ತಗ್ಗು ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿನ ಪೇಂಟನ್ನು ಸ್ಯಾಂಡ್ ಪೇಪರಿನಿಂದ ಲೋಹ ಕಾಣುವವರೆಗೆ ಉಜ್ಜಿ, ಯಾಕೆಂದರೆ ಪೇಂಟ್ ಎದ್ದರೆ ಟ್ಯಾಗೂ ಅದರ ಜೊತೆಗೇ ಎದ್ದು ಬರುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಬಿಳಿ ಬಟ್ಟೆಯಲ್ಲೇ ಒರೆಸಿ, ಕಪ್ಪು ಬರುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತಾ ಇರಿ. ಗ್ರೀಸ್ ಒರೆಸಿದ ಕಾಟನ್ ವೇಸ್ಟನ್ನೇ ತಿರುಗಿಸಿ ಇದಕ್ಕೂ ಬಳಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಒರೆಸಿದ ಜಾಗವನ್ನು ಬೆರಳಿನಿಂದ ಮುಟ್ಟಲೂಬೇಡಿ.

ಡಬಲ್ ಸೈಡ್ ಟೇಪ್ ನನಗೆ ಆಗಿಬರುವುದಿಲ್ಲ. ಎರಡು ಟ್ಯೂಬಿನ ಎಪಾಕ್ಸಿಯೇ ಸರಿ, ಅದರಲ್ಲೂ ನಿಧಾನಕ್ಕೆ ಗಟ್ಟಿಯಾಗುವುದು. ತೆಳುವಾಗಿ ಹಚ್ಚಿ ಒತ್ತಿದಾಗ ನಾಲ್ಕೂ ಅಂಚಿನಿಂದ ಸ್ವಲ್ಪ ಹೊರಗೆ ಬರಬೇಕು. ಆಗಲೇ ಒಮ್ಮೆ ಫೋನ್ ಹಿಡಿದು ಓದಿ ನೋಡಿ, ಓದದಿದ್ದರೆ ಹಸಿ ಇರುವಾಗಲೇ ಕೀಳಬಹುದು. ಒಂದು ರಾತ್ರಿ ಹಾಗೇ ಬಿಡಿ.

ಮೋಟಾರಿಗೆ ಇದನ್ನೇ ನೆಚ್ಚಬೇಡಿ. ರೀವೈಂಡಿಂಗ್‌ನವರು ಹಳೆ ತಂತಿ ತೆಗೆಯಲು ಬಾಡಿ ಸುಡುವುದುಂಟು, ಆ ಬಿಸಿಗೆ ಚಿಪ್ಪೂ ಹೋಗುತ್ತದೆ, ಎಪಾಕ್ಸಿಯೂ ಹೋಗುತ್ತದೆ. ಅದಕ್ಕೆ ನಂಬರ್ ಪಂಚ್ ಹೊಡೆಯುವುದೇ ವಾಸಿ.

ಇನ್ನು ಕೀ. ಫ್ಯಾಕ್ಟರಿಯಿಂದ ಬರುವಾಗ ಎಲ್ಲ ಕೀಗಳೂ ಸೊನ್ನೆ. ಹಾಗೇ ಬಿಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಅಲ್ಲೇ ನೇತುಹಾಕಿದಂತೆ. ಪ್ರತಿ ಟ್ಯಾಗಿಗೂ ಬೇರೆ ಕೀ ಇರಲಿ, ಒಂದು ಮಾಸ್ಟರ್ ಕೀಯಿಂದ ಟ್ಯಾಗ್ ನಂಬರ್ ಸೇರಿಸಿ ಹುಟ್ಟಿಸಿದರೆ ಸಾಕು. ಮಾಸ್ಟರ್ ಕೀಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಟ್ಯಾಗ್ ನಂಬರ್, ಪಂಪ್ ನಂಬರ್, ಒಂದು ಫೋಟೊ ಎಕ್ಸೆಲ್‌ಗೆ ಸೇರಿಸಿ.

ಪಂಪ್ ವಾಪಸ್ ಬಂದಾಗ ಫೋನ್ ಹಿಡಿಯಿರಿ. ತೆರೆಯುವ ಪುಟದಲ್ಲಿ ಹಸಿರು ಟಿಕ್ ಬಂತು ಅಂತ ಬಿಟ್ಟುಬಿಡಬೇಡಿ. ಅಂಥ ಪುಟ ಯಾರು ಬೇಕಾದರೂ ಮಾಡಬಹುದು, ಮೇಲಿನ ವಿಳಾಸ ನಿಮ್ಮ ಸರ್ವರಿನದೇ ಅಲ್ವಾ ನೋಡಿ. ಸರ್ವರ್ ಕೋಡ್ ಜೊತೆಗೆ ಟ್ಯಾಗ್ ಕಳಿಸುವ ಕೌಂಟರನ್ನೂ, ಅಂದರೆ ಎಷ್ಟು ಸಲ ಓದಿದ್ದಾರೆ ಅನ್ನುವ ಎಣಿಕೆಯನ್ನೂ, ನೋಡಬೇಕು: ಪ್ರತಿ ಸಲ ಓದಿದಾಗಲೂ ಅದು ಏರುತ್ತದೆ, ಹಳೆ ಸಂಖ್ಯೆ ಬಂದರೆ ಯಾರೋ ಹಿಂದಿನ ಲಿಂಕನ್ನೇ ನಕಲು ಮಾಡಿದ್ದಾರೆ ಅಂತ. ಏನೂ ಓದದಿದ್ದರೆ ತಕ್ಷಣ ನಕಲಿ ಅಂತ ಜಗಳಕ್ಕೆ ನಿಲ್ಲಬೇಡಿ. ಹೊಸ ಪೇಂಟಿನಡಿ ಟ್ಯಾಗ್ ಮುಚ್ಚಿರಬಹುದು, ಫೋನಿನ ಕವರ್ ತೆಗೆದು ಮೆಲ್ಲಗೆ ಸರಿಸುತ್ತಾ ಇನ್ನೊಮ್ಮೆ ನೋಡಿ. ಅಲ್ಲಿಯವರೆಗೆ ಡೆಲಿವರಿ ಚಲನ್‌ಗೆ ಸಹಿ ಹಾಕಬೇಡಿ.