ಲಾವೋಸ್‌ನಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ: ಮೊದಲು ಅಂಟಕ್ಕಿ ಅನ್ನ ಕೊಳ್ಳಿ

ಲಾವೋಸ್‌ನಲ್ಲಿ ದುಡ್ಡು ಉಳಿಸಿ ಚೆನ್ನಾಗಿ ಉಣ್ಣಬೇಕಾ? ಪ್ರವಾಸಿಗರಿಗೆಂದೇ ಅಚ್ಚು ಹಾಕಿಸಿದ ಮೆನು ಕಾರ್ಡ್ ಬದಿಗಿಡಿ. ಸಂಜೆ ಮಾರ್ಕೆಟ್‌ಗೆ ಹೋಗಿ. ಬೆಲೆ ಸಾವಿರಗಳಲ್ಲಿ ಹೇಳುತ್ತಾರೆ, ಗಾಬರಿ ಬೇಡ. ಅದು ಕಿಪ್, ಅಲ್ಲಿನ ದುಡ್ಡು. ಚಿಲ್ಲರೆ ನೋಟು ಜೊತೆಗಿರಲಿ.

ಮೊದಲು ಒಂದು ಪೊಟ್ಟಣ ಖಾವ್ ನ್ಯಾವ್ ಕೊಳ್ಳಿ. ಇದು ಅಂಟಕ್ಕಿ ಅನ್ನ. ಅಕ್ಕಿಯನ್ನು ಗಂಟೆಗಟ್ಟಲೆ ನೆನೆಸಿ, ಬಿದಿರಿನ ಬುಟ್ಟಿಯಲ್ಲಿ ಹಬೆಗೆ ಬೇಯಿಸಿರುತ್ತಾರೆ. ಅಲ್ಲಿನವರಿಗೆ ಇದೇ ಊಟ, ಮಿಕ್ಕಿದ್ದೆಲ್ಲ ನೆಂಚಿಕೊಳ್ಳಲು. ನೀವೂ ಹಾಗೇ ಉಂಡರೆ ಖರ್ಚು ತಾನಾಗೇ ಇಳಿಯುತ್ತದೆ.

ತಿನ್ನುವುದು ಕೈಯಲ್ಲೇ. ನಿಂಬೆಹಣ್ಣಿಗಿಂತ ಚಿಕ್ಕ ತುತ್ತು ಮುರಿದು, ಬೆರಳ ತುದಿಯಲ್ಲಿ ಒತ್ತಿ ಉಂಡೆ ಮಾಡಿ. ಹೆಬ್ಬೆರಳಿನಿಂದ ಅದುಮಿ ಸಣ್ಣ ಗುಳಿ ಮಾಡಿ. ಆ ಗುಳಿಯಲ್ಲಿ ಚಟ್ನಿ ಬಾಚಿಕೊಳ್ಳಿ. ರಾಗಿಮುದ್ದೆಯ ಹಾಗೆ ನುಂಗಬೇಡಿ, ಇದನ್ನು ಅಗಿಯಬೇಕು. ಅಗಿದಷ್ಟೂ ಸಿಹಿ. ಪೊಟ್ಟಣ ತೆರೆದೇ ಇಟ್ಟರೆ ಅನ್ನ ಒಣಗಿ ಗಟ್ಟಿಯಾಗುತ್ತದೆ, ಮುಚ್ಚಿಡಿ.

ಚಟ್ನಿಗೆ ಅಲ್ಲಿ ಜೇವ್ ಎನ್ನುತ್ತಾರೆ. ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟು ಕುಟ್ಟಿದ್ದು ಜೇವ್ ಮಾಕ್ ಲೆನ್. ನಮ್ಮ ನಾಲಿಗೆಗೆ ಥಟ್ಟನೆ ಒಗ್ಗುತ್ತದೆ. ಜೇವ್ ಬೋಂಗ್‌ನಲ್ಲಿ ಎಮ್ಮೆಯ ಚರ್ಮ ಇರುತ್ತದೆ, ಗೊತ್ತಿರಲಿ. ಕೋಳಿ ತಿನ್ನುವವರು ಕೆಂಡದ ಮೇಲೆ ಸುಟ್ಟ ಪಿಂಗ್ ಕಾಯ್ ಒಂದು ತುಂಡು ಕೊಂಡರೆ ಸಾಕು.

ಪರಂಗಿಕಾಯಿಯ ಕೋಸಂಬರಿ ತಾಮ್ ಮಾಕ್ ಹುಂಗ್ ಅನ್ನು ನಿಮ್ಮ ಕಣ್ಣೆದುರೇ ಒರಳಲ್ಲಿ ಕುಟ್ಟುತ್ತಾರೆ. ಕುಟ್ಟಲು ಶುರು ಮಾಡುವ ಮೊದಲೇ ಹೇಳಬೇಕು. ಖಾರ ಕಡಿಮೆ ಬೇಕಿದ್ದರೆ ‘ಪೇಟ್ ನೋಯ್’. ಸಸ್ಯಾಹಾರಿಗಳು ‘ಬೊ ಸೈ ಪಾದೇಕ್’, ‘ಬೊ ಸೈ ನಾಮ್ ಪಾ’ ಎರಡನ್ನೂ ಕಲಿತಿರಿ. ‘ಬೊ ಸೈ’ ಎಂದರೆ ಹಾಕಬೇಡಿ. ಪಾದೇಕ್ ಎಂದರೆ ಮೀನು ಕೊಳೆಸಿ ಮಾಡಿದ ಗೊಜ್ಜು, ನಾಮ್ ಪಾ ಮೀನಿನ ಸಾಸ್. ಇವೆರಡೂ ಕಣ್ಣಿಗೆ ಕಾಣದ ಹಾಗೆ ಬೆರೆತಿರುತ್ತವೆ, ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು.

ಬೆಳಿಗ್ಗೆಗೆ ಬಿಸಿ ನೂಡಲ್ ಸೂಪು ಖಾವ್ ಪಿಯಾಕ್ ಸೆನ್, ಇಲ್ಲವೇ ಖಾವ್ ಜೀ. ಅದು ಫ್ರೆಂಚರು ಬಿಟ್ಟುಹೋದ ಉದ್ದನೆ ಬ್ರೆಡ್ಡು, ಒಳಗೆ ಮೊಟ್ಟೆಯೋ ಮಾಂಸವೋ ತುಂಬಿ ಕೊಡುತ್ತಾರೆ.

ಲುವಾಂಗ್ ಪ್ರಬಾಂಗ್ ಊರಿನಲ್ಲಿ ಖಾವ್ ನೊಮ್ ಕೊಕ್ ಬಿಡಲೇಬೇಡಿ. ಹೆಂಚು ನೋಡಿದರೆ ನಮ್ಮ ಪಡ್ಡಿನ ಕಾವಲಿಯೇ! ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಹಿಟ್ಟನ್ನು ಗುಳಿಗೆ ಹೊಯ್ದು, ಅಂಚು ಗರಿಗರಿಯಾದ ಮೇಲೆ ಎರಡೆರಡನ್ನು ಜೋಡಿಸಿ ಬಾಳೆಎಲೆಯ ದೊನ್ನೆಯಲ್ಲಿ ಕೊಡುತ್ತಾರೆ. ಒಳಗೆ ಇನ್ನೂ ತೆಳ್ಳಗೆ, ಸುಡುಸುಡು ಇರುತ್ತದೆ. ಒಂದು ನಿಮಿಷ ಆರಲು ಬಿಡಿ.